ಒಲೆಯ ಪಾಲು, ನೆಲದ ಪಾಲು

ಸೆಪ್ಟೆಂಬರ್ ೩

ಇಂದು ಸೆಪ್ಟೆಂಬರ್ ಮೂರು. ಈ ಪುಸ್ತಕವನ್ನು ತೆರೆದ ಉದ್ದೇಶ ಖಚಿತವಾದದ್ದು: ನನ್ನ ಪ್ರಯೋಗದ ದಾಖಲೆಗೆ ಸೇರಿಸಲಾಗದ, ಆದರೆ ಪ್ರಯೋಗವನ್ನು ಕೆಡಿಸಬಲ್ಲ ಮನುಷ್ಯರ ಹಸ್ತಕ್ಷೇಪಗಳನ್ನು ಪ್ರತ್ಯೇಕವಾಗಿ ಬರೆದಿಡುವುದು. ಬೇರೆ ಯಾವುದಕ್ಕೂ ಇದನ್ನು ಬಳಸತಕ್ಕದ್ದಲ್ಲ.

ಪ್ರಯೋಗ ಸರಳವಾದದ್ದು. ನಮ್ಮ ಚಳಿಗಾಲದ ಹಟ್ಟಿಯ ಹಿಂದಿನ ಇಳಿಜಾರಿನಲ್ಲಿ, ಚಮರಿಗಳು ಸಂಜೆಯ ಹೊತ್ತು ಮೆಲುಕು ಹಾಕುತ್ತ ಮಲಗುವ ಜಾಗದಲ್ಲಿ, ಕಲ್ಲು ನೆಟ್ಟು ಹನ್ನೆರಡು ದೊಡ್ಡ ಚೌಕಗಳನ್ನು ಗುರುತಿಸಿದ್ದೇನೆ. ಆರರಲ್ಲಿ ಮನೆಯವರು ಎಂದಿನಂತೆ ಒಲೆಗೆ ಕುಳ್ಳು ಆರಿಸಿಕೊಳ್ಳಬಹುದು. ಉಳಿದ ಆರರಲ್ಲಿ, ಅಂದರೆ ಒಂದರಿಂದ ಆರನೆಯವರೆಗಿನ ಚೌಕಗಳಲ್ಲಿ, ಬಿದ್ದ ಸಗಣಿ ಬಿದ್ದಲ್ಲೇ ಒಣಗಬೇಕು, ಅಲ್ಲೇ ಪುಡಿಯಾಗಬೇಕು. ಕಳೆದ ವರ್ಷದ ಬೇಸಿಗೆಯಿಂದ ಹೀಗೆಯೇ ನಡೆದಿದೆ. ಬರುವ ಜೂನ್‌ನಲ್ಲಿ ಎರಡೂ ಬಗೆಯ ಚೌಕಗಳ ಹುಲ್ಲನ್ನು ಕೊಯ್ದು ತೂಗುತ್ತೇನೆ.

ಬಿಸಿಲಿನ ಶಕ್ತಿ ಹುಲ್ಲಿಗೆ, ಹುಲ್ಲಿನಿಂದ ಚಮರಿಗೆ, ಚಮರಿಯಿಂದ ನಮಗೆ ಹರಿದು, ಕೊನೆಗೆ ಬಿಸಿಯಾಗಿ ಆಕಾಶ ಸೇರುತ್ತದೆ. ಅದನ್ನು ಹಿಂದಕ್ಕೆ ಕರೆಯಲು ಯಾರಿಂದಲೂ ಆಗದು. ಸತ್ವದ ದಾರಿ ಬೇರೆ. ಅದು ನೆಲದಿಂದ ಹೊರಟು ನೆಲಕ್ಕೇ ಮರಳಬೇಕು. ಸಗಣಿಯನ್ನು ಒಲೆಗೆ ಹಾಕಿದ ದಿನ ಆ ಸುತ್ತು ಕಡಿದುಹೋಗುತ್ತದೆ. ಪಾಮಿರಿನ ಹುಲ್ಲುಗಾವಲು ವರ್ಷದಿಂದ ವರ್ಷಕ್ಕೆ ಬೋಳಾಗುತ್ತಿರುವುದಕ್ಕೆ ನಮ್ಮ ಜನರ ಒಲೆಗಳೇ ಕಾರಣವೆಂಬುದು ನನ್ನ ವಾದ.

ತರಗತಿಯಲ್ಲಿ ಪ್ರತಿ ವರ್ಷವೂ ನಾನೇ ಮೊದಲು. ಮುಂದಿನ ಸಂಶೋಧನೆಗೆ ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಇರುವುದು ಒಂದೇ ಜಾಗ. ಕ್ಷೇತ್ರದಿಂದ ಸ್ಪಷ್ಟ ಫಲಿತಾಂಶ ತಂದವರಿಗೆ ಅದು ಸಲ್ಲುತ್ತದೆಂದು ನನ್ನ ಗುರುಗಳಾದ ತಾಲಿಪ್ ಅಗಾಯ್ ಹೇಳಿದ್ದಾರೆ. ಆ ಜಾಗ ನನ್ನದು.

ಸೆಪ್ಟೆಂಬರ್ ೯

ಹಸ್ತಕ್ಷೇಪ, ಮೊದಲನೆಯದು. ಅಣ್ಣನ ಹೆಂಡತಿ, ಎಂದರೆ ನನ್ನ ಜೆಂಗೆ, ಬುರುಲ್ ಬೆನ್ನಿಗೆ ಬುಟ್ಟಿಯೇರಿಸಿಕೊಂಡು ನಾಲ್ಕನೆಯ ಚೌಕದ ನಡುವೆ ನಿಂತಿದ್ದಳು.

“ಮುಟ್ಬೇಡಿ ಜೆಂಗೆ. ಅದು ನಾಲ್ಕನೇದು.”

“ನಾಲ್ಕೋ ಐದೋ, ಹಾಕಿದ್ದು ನಮ್ಮ ಮುರುಕುಕೊಂಬಿನದೇ ತಾನೆ? ಇರು, ಅದರ ಅಪ್ಪಣೆ ಕೇಳ್ಕೊಂಡು ಬರ್ತೀನಿ.”

“ಅಪ್ಪಣೆ ಕೊಡಬೇಕಾದೋಳು ನಾನು.”

“ಅಯ್ಯೋ ಮರೆತಿದ್ದೆ! ಸಗಣಿ ಖಾತೆ ಮಂತ್ರಿ ನೀನೇ ಅಲ್ವಾ, ಪದಕದಮ್ಮ.” ಬುಟ್ಟಿಯನ್ನು ಅಲ್ಲಿಯೇ ಬೋರಲು ಹಾಕಿದಳು. ಒಂದೊಂದನ್ನೂ ಇದ್ದ ಜಾಗದಲ್ಲೇ ಇಡಬೇಕೆಂದೆ. “ಯಾವುದು ಎಲ್ಲಿತ್ತು ಅಂತ ನೀನೇ ನೆನಪು ಮಾಡ್ಕೊ. ಓದಿದೋಳು ನೀನು, ನಾನಾ?”

ಗಂಡನ ಕಡೆಯವರ ಹೆಸರನ್ನು ಸೊಸೆ ಬಾಯಲ್ಲಿ ಹೇಳಕೂಡದೆಂಬುದು ನಮ್ಮಲ್ಲಿಯ ನಿಯಮ. ಆದುದರಿಂದ, ಓದಿನಲ್ಲಿ ನಾನು ಗೆದ್ದ ಪದಕದ ನೆಪದಲ್ಲಿ, ನನಗೆ ‘ಪದಕದಮ್ಮ’ ಎಂಬ ಹೆಸರು. ಜಿಪಾರ್ ಎಂದರೆ ಪರಿಮಳ. ಹೆಸರಿನ ಜೊತೆಗೆ ಆ ಮಾತನ್ನೂ ಆಕೆ ಆಡುವಂತಿಲ್ಲ. ಹಬ್ಬದ ದಿನ ಪಾತ್ರೆಯ ಮುಚ್ಚಳ ತೆಗೆದು, “ಆಹಾ, ಏನು ಒಳ್ಳೇ ನಾತ!” ಎಂದು ಎಲ್ಲರನ್ನೂ ನಗಿಸುತ್ತಾಳೆ. ನಾನು ನಗುವುದಿಲ್ಲ.

ಸೆಪ್ಟೆಂಬರ್ ೨೩

ಅಣ್ಣನೂ ಬುರುಲಳೂ ಕತ್ತೆಯ ಮೇಲೆ ತೆರೆಸ್ಕೆನ್ ಹೊರೆ ಹೊರಿಸಿಕೊಂಡು ಬಂದರು. ಬೇರುಸಹಿತ ಕಿತ್ತದ್ದು. ಮೊಣಕಾಲೆತ್ತರವೂ ಇಲ್ಲದ ಈ ಪೊದೆಯ ಬೇರು ತೋಳಿನಷ್ಟು ದಪ್ಪಗಾಗಲು ಒಬ್ಬ ಮನುಷ್ಯನ ಆಯುಷ್ಯ ಬೇಕು. ಅದನ್ನು ಕಿತ್ತ ಜಾಗದಲ್ಲಿ ಉಳಿಯುವುದು ಮರಳು ಮಾತ್ರ. ಹಿಮ ಬಿದ್ದಾಗ ಚಮರಿಗಳಿಗೆ ಸಿಗುವ ಮೇವೂ ಅದೊಂದೇ. ಚಹಾಕ್ಕೆ ಕುಳಿತಾಗ ಇದನ್ನು ಕ್ರಮವಾಗಿ ವಿವರಿಸಿದೆ.

ಅಣ್ಣ ರೊಟ್ಟಿ ಮುರಿದು ಎಲ್ಲರ ಮುಂದಿಟ್ಟ. ನನ್ನನ್ನು ಸಾಕಿದ ಅಜ್ಜಿ, ನಮ್ಮ ಎನೆ, ಹೆಮ್ಮೆಯಿಂದ ಎಲ್ಲರ ಮುಖ ನೋಡಿದಳು. “ಓದಿದ ಮಗು ಹೇಳ್ತಿದೆ, ಕೇಳಿಸ್ಕೊಳ್ರೋ.”

“ಕೇಳಿಸ್ಕೊಂಡ್ವಿ ಎನೆ,” ಎಂದಳು ಬುರುಲ್. “ಒಲೆಗೂ ಒಂದು ಮಾತು ಹೇಳ್ಬಿಡ್ಲಿ. ಅದೂ ಕೇಳಿಸ್ಕೊಂಡ್ರೆ ನಮಗೆ ಕೆಲಸಾನೇ ಇರಲ್ಲ.”

ಆಕೆ ಬಸುರಿ. ಜನವರಿಗೆ ದಿನ ತುಂಬುತ್ತದೆ. ಆ ಸ್ಥಿತಿಯಲ್ಲಿ ಗುದ್ದಲಿ ಹಿಡಿದು ಬೇರು ಕೀಳುವುದು ಮೌಢ್ಯವೆಂದೂ ಹೇಳಿದೆ. ಆಕೆ ಬಟ್ಟಲುಗಳನ್ನು ಎತ್ತಿಕೊಂಡು ಹೊರಟಳು.

ಅಕ್ಟೋಬರ್ ೧೨

ಈ ವರ್ಷ ಇಷ್ಟೊಂದು ತೆರೆಸ್ಕೆನ್ ಯಾಕೆಂದು ಅಣ್ಣನನ್ನು ನೇರವಾಗಿ ಕೇಳಿದೆ. ಅವನು ಜೀನಿನ ಪಟ್ಟಿ ಹೊಲಿಯುತ್ತಿದ್ದ.

“ಹಿಂದಿನ ಇಳಿಜಾರಲ್ಲಿ ಸಿಗ್ತಿದ್ದ ಕುಳ್ಳು ಅರ್ಧ ಚಳಿಗಾಲಕ್ಕೆ ಸಾಕಾಗ್ತಿತ್ತು ತಂಗಿ. ಈಗ ಅದು ನಿನ್ನ ಕಲ್ಲುಗಳ ಒಳಗಿದೆ. ಹೋದ ವರ್ಷ ಹಳೇ ರಾಶಿ ಇತ್ತು, ನಡೀತು. ಈ ವರ್ಷ ಅದೂ ಇಲ್ಲ.”

“ಮೊದಲೇ ಯಾಕೆ ಹೇಳಲಿಲ್ಲ?”

“ನೀನು ಕೇಳಿದೆ, ಕೊಟ್ವಿ. ಕೊಟ್ಟಮೇಲೆ ಹೇಳೋದೇನಿದೆ?”

ಕೋಣೆಗೆ ಬಂದು ಲೆಕ್ಕ ಹಾಕಿದೆ. ಆರು ಚೌಕಗಳಲ್ಲಿ ನೆಲಕ್ಕೆ ಬಿಟ್ಟ ಕುಳ್ಳಿನ ಬಿಸಿ ಎಷ್ಟೋ, ಬೆಟ್ಟದಾಚೆ ಕಿತ್ತ ತೆರೆಸ್ಕೆನ್ನಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಎರಡನೆಯ ಸಲ ಹಾಕಿದೆ, ಅದೇ ಬಂತು. ನನ್ನ ಚೌಕದೊಳಗೆ ನಾನು ಉಳಿಸಿದ ಸುತ್ತನ್ನು ಚೌಕದಾಚೆ ಕತ್ತರಿಸಲಾಗಿದೆ.

ಇದು ಪ್ರಯೋಗದ ಎಲ್ಲೆಯ ಹೊರಗಿನ ವಿಷಯ. ಹಾಗೆಂದು ಬರೆದಿಟ್ಟಿದ್ದೇನೆ.

ಅಕ್ಟೋಬರ್ ೩೦

ಮೂರು ದಿನಗಳಿಂದ ಹಿಮ. ಇಷ್ಟು ಬೇಗ ಬಿದ್ದದ್ದನ್ನು ಎನೆಯೂ ಕಂಡಿಲ್ಲವಂತೆ. ಅಣ್ಣ ಮಂದೆಯೊಡನೆ ಕಣಿವೆಯಾಚೆ ಹೋದವನು ಅಲ್ಲಿಯೇ ಉಳಿದಿದ್ದಾನೆ, ದಾರಿ ಮುಚ್ಚಿದೆ. ಎಲ್ಲಕ್ಕಿಂತ ಹತ್ತಿರದ ಹಟ್ಟಿ, ನಾವು ಅಣ್ಣನೆಂಬ ಗೌರವದಿಂದ ಅಕೆ ಎನ್ನುವ ಹಿರಿಯರಾದ ಒರೊಜ್ ಅಕೆಯವರದು. ಬೇಸಿಗೆಯಲ್ಲಾದರೆ ಅಲ್ಲಿಗೆ ಅರ್ಧ ದಿನದ ನಡಿಗೆ. ಮನೆಯಲ್ಲಿ ಇರುವವರು ಮೂವರು ಹೆಂಗಸರು.

ತೆರೆಸ್ಕೆನ್ ರಾಶಿ ನೆನೆದಿದೆ. ಹೊಗೆ ಹೆಚ್ಚು, ಬಿಸಿ ಕಡಿಮೆ.

ನವೆಂಬರ್ ೬

ಬೆಳಿಗ್ಗೆ ಹಾಲು ಕಾಯಿಸುತ್ತಿದ್ದ ಬುರುಲ್ ಪಾತ್ರೆಯನ್ನು ಕೆಳಗಿಟ್ಟು ಗೋಡೆ ಹಿಡಿದುಕೊಂಡಳು. ಜನವರಿಯ ಮಗು ನವೆಂಬರಿಗೇ ಹೊರಟುನಿಂತಿತ್ತು.

ಎನೆ ಆಕೆಯನ್ನು ಕಂಬಳಿಗಳ ಮೇಲೆ ಕೂರಿಸಿದಳು. ಮೇಲ್ಚಾವಣಿಯ ತೊಲೆಗೆ ಹಗ್ಗ ಬಿಗಿದು ಆಕೆಯ ಕೈಗೆ ಕೊಟ್ಟಳು. ನನಗೆ ಒಪ್ಪಿಸಿದ್ದು ಒಲೆ. ಮಧ್ಯಾಹ್ನದವರೆಗೂ ಆಕೆಯ ಬಾಯಿ ನಿಲ್ಲಲಿಲ್ಲ. “ಎನೆ, ನಿಮ್ಮ ಮೊಮ್ಮಗ ಮಂದೆ ಬಿಟ್ಟು ಮನೆಗೆ ಬರಲಿ, ಈ ಹಗ್ಗ ಅವನ ಕುತ್ತಿಗೆಗೇ ಕಟ್ತೀನಿ,” ಎಂದಳು. “ಪದಕದಮ್ಮ, ನಿನ್ನ ಪುಸ್ತಕದಲ್ಲಿ ಇದಕ್ಕೆ ಏನಂತ ಬರೆದಿದೆ? ಬೇಗ ಓದು!” ಎಂದಳು. ಆಮೇಲೆ ಮಾತು ನಿಂತಿತು. ನೆನೆದ ಬೇರು ಬುಸುಗುಟ್ಟಿ ಒಲೆ ಕಪ್ಪಾಗುತ್ತ ಬಂತು. ನಾನು ಊದುತ್ತಲೇ ಇದ್ದೆ. ಕಣ್ಣಿಗೆ ಹೊಗೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆಗ ಬೆನ್ನ ಹಿಂದಿನಿಂದ ಕೂಗು ಬಂತು:

“ಜಿಪಾರ್! ಒಲೆ! ಒಲೆ ಆರ್ತಿದೆ, ಜಿಪಾರ್!”

ಮದುವೆಯಾಗಿ ಬಂದ ಮೇಲೆ ಆಕೆ ನನ್ನ ಹೆಸರು ಹಿಡಿದದ್ದು ಇದೇ ಮೊದಲು. ಎನೆ ಕೇಳಿಸದವಳಂತೆ ಇದ್ದುಬಿಟ್ಟಳು.

ಹೆಣ್ಣು ಮಗು. ಬಣ್ಣ ನೀಲಿಗೆ ತಿರುಗಿತ್ತು. ಎನೆ ಅದನ್ನು ತನ್ನ ಅಂಗಿಯೊಳಗೆ, ಬರಿಯ ಎದೆಗೆ ಒತ್ತಿ ಹಿಡಿದು ಒಲೆಯ ಬದಿಗೆ ಕುಳಿತಳು. ಬಹಳ ಹೊತ್ತಿನ ಮೇಲೆ ಅದು ಬೆಕ್ಕಿನ ಮರಿಯ ಹಾಗೆ ಅತ್ತಿತು.

“ನಲವತ್ತು ದಿನ,” ಎಂದಳು ಎನೆ. “ನಲವತ್ತು ದಿನ ಈ ಮನೆ ತಣ್ಣಗಾಗಬಾರದು. ತಣ್ಣಗಾದ್ರೆ ಕೂಸು ಉಳಿಯಲ್ಲ.”

ಇಳಿಜಾರಿನ ಮಾತನ್ನು ಯಾರೂ ಎತ್ತಲಿಲ್ಲ. ಇದನ್ನು ದಾಖಲಿಸತಕ್ಕದ್ದು: ಎನೆ ನನ್ನ ಕಡೆ ನೋಡಲಿಲ್ಲ, ಬುರುಲ್ ಕಣ್ಣು ಮುಚ್ಚಿಕೊಂಡಿದ್ದಳು. ನನ್ನನ್ನು ಯಾರೂ ಕೇಳಲಿಲ್ಲ.

ನವೆಂಬರ್ ೭

ಒಂದನೆಯ ಚೌಕ. ಎರಡು ಬುಟ್ಟಿ.

ನವೆಂಬರ್ ೮

ಒಂದನೆಯ ಚೌಕ ಪೂರ್ತಿ. ಹಿಮದಡಿಯ ಕುಳ್ಳು ನೆಲಕ್ಕೆ ಕಚ್ಚಿಕೊಂಡಿದೆ. ಗುದ್ದಲಿಯ ಹಿಂಬದಿಯಿಂದ ಬಡಿದರೆ ತಟ್ಟೆಯಂತೆ ಏಳುತ್ತದೆ. ಎರಡು ಬೇಸಿಗೆ ಬಿಸಿಲುಂಡದ್ದು. ಮೇಲೆ ಹತ್ತಿದ ಹಿಮ ಕೊಡವಿ ಒಲೆಯ ಬದಿಗೆ ಒಂದು ಗಳಿಗೆ ಇಟ್ಟರೆ ಸಾಕು, ಹೊಗೆಯಿಲ್ಲದೆ ಉರಿಯುತ್ತದೆ.

ನವೆಂಬರ್ ೧೪

ಎರಡನೆಯ ಚೌಕದಿಂದ ಬುಟ್ಟಿ ತಂದಿಳಿಸಿದಾಗ ಬುರುಲ್ ಚಹಾದ ಬಟ್ಟಲು ಹಿಡಿದು ಕುಳಿತಿದ್ದಳು.

“ಇವತ್ತಿನ ಚಹಾ ಎಷ್ಟನೇ ಚೌಕದ್ದು?”

“ಎರಡನೇದು.”

“ಹ್ಞೂಂ, ಅದೇ ಅಂದ್ಕೊಂಡೆ. ಒಂದನೇದು ಸ್ವಲ್ಪ ಉಪ್ಪುಪ್ಪಾಗಿತ್ತು.” ಬಟ್ಟಲನ್ನು ಕೆಳಗಿಟ್ಟಳು. “ಏಯ್. ಮುಖ ಯಾಕೆ ಹಂಗೆ ಮಾಡ್ತೀಯ? ನಾನು ನಗಿಸೋಕ್ಕೆ ನೋಡ್ತಿದೀನಿ. ಅಳಿಸೋಕ್ಕೆ ಬೇಕಾದಷ್ಟಿದೆ ಈ ಮನೇಲಿ.”

ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಉಳಿಯುವುದು ಸಂದೇಹವಿರುವ ಕೂಸಿಗೆ ಚಂದದ ಹೆಸರಿಟ್ಟರೆ ಸಾವಿನ ಕಣ್ಣು ಬೀಳುತ್ತದೆಂದು ಎನೆ ತೆಜೆಕ್ ಎಂದು ಕರೆಯುತ್ತಿದ್ದಾಳೆ. ತೆಜೆಕ್ ಎಂದರೆ ಕುಳ್ಳು. “ಸಾವು ಬಂದು ಮೂಸಿ ನೋಡುತ್ತೆ, ಥೂ ಅಂತ ಹೋಗುತ್ತೆ,” ಎಂಬುದು ಅವಳ ತರ್ಕ.

“ನಾದಿನಿ ಹೆಸರು ಹೇಳಂಗಿಲ್ಲ, ಮಗಳ ಹೆಸರು ಹೇಳೋಕ್ಕೆ ನಾಚಿಕೆ,” ಎಂದಳು ಬುರುಲ್. “ಒಳ್ಳೇ ಮನೆ ಸೇರಿದೆ ಕಣಮ್ಮ ನಾನು.”

ಕುಳ್ಳು ತೂಗುವ ಕೊಕ್ಕೆತಕ್ಕಡಿಗೆ ಶಾಲು ಕಟ್ಟಿ ಮಗುವನ್ನು ತೂಗಿದೆ. ಎರಡು ಕಿಲೋಗೂ ಕಡಿಮೆ. ಪ್ರಯೋಗಕ್ಕೆ ಸಂಬಂಧವಿಲ್ಲ.

ನವೆಂಬರ್ ೧೯

ಮೂರನೆಯ ಚೌಕ. ಮಗು ತೂಕದಲ್ಲಿ ಇಳಿದಿದೆ. ಹಾಲು ಹೀರಲು ಅದಕ್ಕೆ ಶಕ್ತಿ ಸಾಲದು. ಬುರುಲ್ ಹಿಂಡಿ, ಬೆರಳ ತುದಿಯಿಂದ ಹನಿಹನಿಯಾಗಿ ಕುಡಿಸುತ್ತಾಳೆ. ಮಾತಾಡುವುದಿಲ್ಲ.

ಹುಲ್ಲಿನಿಂದ ಚಮರಿಗೆ ಬರುವಾಗ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆಂದು ಪರೀಕ್ಷೆಯಲ್ಲಿ ಬರೆದಿದ್ದೆ. ಪೂರ್ಣ ಅಂಕ ಸಿಕ್ಕಿತ್ತು. ಚಮರಿಯ ಬೆಣ್ಣೆಯಿಂದ ಬುರುಲಳಿಗೆ, ಅವಳಿಂದ ಈ ಬಾಯಿಗೆ ಬರುವಾಗ ಎಷ್ಟು ಉಳಿಯುತ್ತದೋ ತಿಳಿಯದು. ಬಹಳ ಚೆಲ್ಲುತ್ತದೆ. ಗಲ್ಲದ ಮೇಲೆ ಚೆಲ್ಲಿದ್ದನ್ನು ಒರೆಸಿ ಮತ್ತೆ ಬಾಯಿಗಿಟ್ಟೆ.

ನವೆಂಬರ್ ೨೪

ನಾಲ್ಕನೆಯ ಚೌಕ. ನಲವತ್ತು ಗ್ರಾಂ ಏರಿದೆ.

ನವೆಂಬರ್ ೨೬

ಅರವತ್ತು.

ಡಿಸೆಂಬರ್ ೪

ಆರನೆಯ ಚೌಕದ ಕೊನೆಯ ಬುಟ್ಟಿ. ಎರಡು ಬೇಸಿಗೆಯ ಕೆಲಸ ಮುಗಿಯಿತು, ಫಲಿತಾಂಶವಿಲ್ಲ. ಜೂನ್‌ನಲ್ಲಿ ಹನ್ನೆರಡೂ ಚೌಕಗಳು ಒಂದೇ ಸಮ ಬೋಳಾಗಿರುತ್ತವೆ. ನನ್ನ ಸಹಪಾಠಿ ಐದಾರಳ ಕೆರೆಯ ಪಾಚಿಯ ಪ್ರಯೋಗ ಚೆನ್ನಾಗಿ ನಡೆದಿದೆಯೆಂದು ಕೇಳಿದ್ದೇನೆ. ಜಾಗ ಆಕೆಗೆ ಹೋಗುತ್ತದೆ. ಆಕೆಗೆ ಸಮೀಕರಣ ಬಿಡಿಸಲೂ ಬರುವುದಿಲ್ಲ.

ಸಂಜೆ ಅಣ್ಣ ಬಂದ. ಮೀಸೆಯಲ್ಲಿ ಹಿಮಗಡ್ಡೆ. ಮಗಳನ್ನು ನೋಡಿದ. ಆಮೇಲೆ ಹೊರಗೆ ಹೋಗಿ ಇಳಿಜಾರನ್ನು ನೋಡಿ ಬಂದ. ನನ್ನ ತಲೆಯ ಮೇಲೆ ಕೈಯಿಟ್ಟು, ಜೀನು ಇಳಿಸಲು ಹೋದ. ತೆಜೆಕ್ ಎರಡು ಕಿಲೋ ಮುಟ್ಟಿದ್ದಾಳೆ.

ಡಿಸೆಂಬರ್ ೧೬

ನಲವತ್ತು ತುಂಬಿತು. ನಲವತ್ತು ಚಮಚ ನೀರೆರೆಯುವ ಶಾಸ್ತ್ರಕ್ಕೆ ಸುತ್ತಿನ ಎಂಟು ಹಟ್ಟಿಗಳಿಂದ ಜನ ಬಂದರು. ನಡೆದದ್ದನ್ನು ಅಣ್ಣ ಎಲ್ಲರಿಗೂ ಹೇಳಿದ್ದನೆಂದು ಕಾಣುತ್ತದೆ. ಕತ್ತೆಗಳ ಮೇಲೆ ಕುಳ್ಳಿನ ಚೀಲಗಳು ಬಂದವು. ಮನೆಯ ಹೊರಗೆ ಆಳೆತ್ತರದ ರಾಶಿಯಾಯಿತು. ಅಷ್ಟಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ.

ಒಳಗೆ ಹಬ್ಬದ ಹಿಟ್ಟಿನ ತುಂಡುಗಳನ್ನು, ಬೋರ್ಸೋಕ್, ಕರಿಯುತ್ತಿದ್ದ ನನ್ನನ್ನು ಒರೊಜ್ ಅಕೆ ಹೊರಕ್ಕೆ ಕರೆದರು. “ಬಾ ಮಗಳೇ, ನಿನ್ನ ಸಾಲ ತೀರಿಸಿದೀವಿ, ನೋಡ್ಕೊ.”

ಇಳಿಜಾರಿನ ಹಿಮದ ಮೇಲೆ ಆರು ಕಪ್ಪು ಚೌಕಗಳು. ಕುರಿದೊಡ್ಡಿಯ ನೆಲವನ್ನು ಕೆರೆದು ತಂದ ಹಿಕ್ಕೆಪುಡಿ, ಎರಡು ಬೆರಳು ದಪ್ಪಕ್ಕೆ. ಕಲ್ಲಿನ ಗೆರೆಯಾಚೆ ಒಂದು ಕಾಳೂ ಚೆಲ್ಲದಂತೆ ಹರಡಿದ್ದರು.

“ಒಲೆಗೆ ಕುಳ್ಳು ಬೇರೆ ಕೊಟ್ಟಿದೀವಿ,” ಎಂದರು ಅವರು. “ನೆಲಕ್ಕೆ ಒಳ್ಳೇ ಕುಳ್ಳು ಯಾಕೆ ದಂಡ? ಅದಕ್ಕೇ ದೊಡ್ಡಿ ಪುಡಿ ತಂದ್ವಿ. ಬೇಗ ಕರಗುತ್ತೆ. ನೀನು ಕಳ್ಕೊಂಡಿದ್ದಕ್ಕಿಂತ ಜಾಸ್ತೀನೇ ಇದೆ, ತೂಗಿ ನೋಡು ಬೇಕಾದ್ರೆ.”

“ಅಕೆ, ಅದು ಅದೇ ಜಾಗದ್ದಾಗಿರಬೇಕಿತ್ತು. ಬೇರೆ ಕಡೆಯಿಂದ ತಂದ್ರೆ...”

“ಬೇರೆ ಕಡೆ ಅಂದ್ರೆ? ನಾವು ಬೇರೆಯೋರಾ?” ಅವರ ಮುಖ ಸಣ್ಣಗಾಯಿತು.

ಎಂಟು ದೊಡ್ಡಿಗಳ ಸತ್ವ, ಎಂಟು ಕಣಿವೆಗಳಲ್ಲಿ ಮೇದ ಕುರಿಗಳದು, ನನ್ನ ಆರು ಚೌಕಗಳಲ್ಲಿ. ಇನ್ನು ಅವು ಯಾವ ಲೆಕ್ಕಕ್ಕೂ ಬಾರವು. ಬೋಳು ಚೌಕವಾದರೂ ಒಂದು ಸತ್ಯವನ್ನು ಹೇಳುತ್ತಿತ್ತು. ಇದು ಈ ಪುಸ್ತಕ ಕಂಡ ಅತಿ ದೊಡ್ಡ ಹಸ್ತಕ್ಷೇಪ.

“ನಾವು ಬೇರೆಯೋರಲ್ಲ ಅಕೆ,” ಎಂದೆ. ಒಳಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟೆ, ಕೆನೆ ಮೇಲೆ ಬರುವ ಹಾಗೆ.

ಮಾರ್ಚ್ ೨೧

ತೆಜೆಕ್ ನಗುತ್ತಾಳೆ. ನನ್ನ ಮೂಗನ್ನು ಹಿಡಿದರೆ ಬಿಡುವುದಿಲ್ಲ. ಐದು ಕಿಲೋ ಮುನ್ನೂರು.

ಜೂನ್ ೧೧

ಹಿಮ ಕರಗಿ ಮೂರು ವಾರ. ನದಿಯಾಚೆಯಿಂದ ನೋಡಿದರೂ ಕಾಣುತ್ತವೆ: ಕಂದು ಇಳಿಜಾರಿನಲ್ಲಿ ಆರು ಹಸಿರು ಚೌಕಗಳು, ಕತ್ತರಿಸಿ ಹಾಸಿದ ರತ್ನಗಂಬಳಿಗಳಂತೆ. ಪಕ್ಕದ ಆರು ಚೌಕಗಳಲ್ಲಿ ಹುಲ್ಲು ಬೆರಳುದ್ದವೂ ಇಲ್ಲ. ಚಮರಿಗಳು ಹಸಿರಿನೊಳಗೇ ನಿಂತುಬಿಡುತ್ತವೆ, ಓಡಿಸಿ ಸಾಕಾಯಿತು.

ಎರಡು ವರ್ಷದ ಹಿಂದೆ ಕಣ್ಣು ಮುಚ್ಚಿದರೆ ನನಗೆ ಕಾಣುತ್ತಿದ್ದ ಚಿತ್ರ ಇದೇ.

ಜೂನ್ ೧೩

ಕೊಯ್ದು, ಒಣಗಿಸಿ, ತೂಗಿದೆ. ಬಿಟ್ಟ ಚೌಕಗಳಲ್ಲಿ ಆರಿಸಿದ ಚೌಕಗಳ ಮೂರರಷ್ಟು ಹುಲ್ಲು. ಗುಡ್ಡದ ಮೇಲೆ ಫೋನು ಸಿಗುವ ಬಂಡೆಯ ಬಳಿ ಹೋಗಿ ಚಿತ್ರಗಳನ್ನು ತಾಲಿಪ್ ಅಗಾಯ್ ಅವರಿಗೆ ಕಳುಹಿಸಿದೆ. ಜೊತೆಗೆ ನಡೆದದ್ದನ್ನೆಲ್ಲ ಬರೆದೆ: ಮಗು, ಒಲೆ, ಎಂಟು ಹಟ್ಟಿಗಳ ಪುಡಿ. ಅವರ ಕರೆ ತಕ್ಷಣ ಬಂತು.

“ಭಲೇ ಹುಡುಗಿ! ಮೂರು ಪಟ್ಟು! ಇಂಥ ಚಿತ್ರ ನಮ್ಮ ವಿಭಾಗ ಹುಟ್ಟಿದಾಗಿಂದ ಬಂದಿಲ್ಲ.”

“ಅಗಾಯ್, ನಾನು ಬರೆದಿದ್ದು ಓದಿದ್ರಾ? ಅದು ಆ ಚೌಕದ ಸಗಣಿ ಅಲ್ಲ.”

“ಓದಿದೆ, ಓದಿದೆ. ಮಗು ಚೆನ್ನಾಗಿದೆ ತಾನೆ? ಸಂತೋಷ. ನೋಡಮ್ಮ, ಸಗಣಿ ಮೇಲೆ ವಿಳಾಸ ಬರೆದಿರುತ್ತಾ? ನೆಲಕ್ಕೆ ಬಿಟ್ರೆ ಹುಲ್ಲು ಬರುತ್ತೆ ಅಂದಿದ್ದೆ ನೀನು. ಬಂತು. ಸುಳ್ಳೇನಿದೆ ಅದರಲ್ಲಿ?”

“ಎಂಟು ಕಡೆ ಕೆರೆದು ಒಂದು ಕಡೆ ಹಾಕಿದ್ದು ಅಗಾಯ್.”

“ಅದನ್ನ ಬರೀಬೇಡ, ಅಷ್ಟೇ. ಎರಡು ಬೇಸಿಗೆ ಬಿದ್ದಲ್ಲೇ ಬಿಟ್ಟಿದ್ದು ಅಂತ ಬರಿ. ಅಲ್ಲಿಗೆ ಹತ್ತಿ ಬಂದು ಯಾರು ಮೂಸಿ ನೋಡ್ತಾರೆ? ಸೋಮವಾರ ಸಭೆ ಇದೆ. ಅಂಕಿ ಕಳಿಸು, ಜಾಗ ನಿಂದೇ. ಕಳಿಸ್ಲಿಲ್ಲ ಅಂದ್ರೆ ಐದಾರಂದು. ನನ್ನ ಕೈಲಿ ಬೇರೇನೂ ಇಲ್ಲ.”

ಬಂಡೆಯ ಮೇಲೆ ಕುಳಿತೆ. ಅಲ್ಲಿಂದ ಎಂಟು ಹಟ್ಟಿಗಳಲ್ಲಿ ಮೂರರ ಹೊಗೆ ಕಾಣುತ್ತದೆ.

ಜೂನ್ ೧೫

ಹಸಿರು ಚೌಕಗಳು ಗೆದ್ದವೆಂಬ ಸುದ್ದಿ ನನಗಿಂತ ಮೊದಲೇ ಎಲ್ಲೆಡೆ ಹರಡಿದೆ. ಒರೊಜ್ ಅಕೆ ಕುದುರೆಯಿಂದ ಇಳಿಯದೆಯೇ ಕೂಗಿದರು: “ನಮ್ಮ ದೊಡ್ಡಿ ಪುಡಿಗೆ ಮೊದಲನೇ ರ‍್ಯಾಂಕಂತೆ! ನನ್ನ ಹೆಸರೂ ಬರಿ ಮಗಳೇ, ಒಂದು ಮೂಲೇಲಿ. ಮೊಮ್ಮಕ್ಕಳಿಗೆ ತೋರಿಸ್ತೀನಿ.” ಎನೆ ಪೆಟ್ಟಿಗೆಯಿಂದ ತನ್ನ ಬೆಳ್ಳಿಯ ಜಡೆಬಿಲ್ಲೆ ತೆಗೆದಿಟ್ಟಿದ್ದಾಳೆ, ನಗರಕ್ಕೆ ಹೋಗುವಾಗ ನಾನು ಮುಡಿಯಲೆಂದು.

ಅಗಾಯ್ ಬರೀಬೇಡ ಎಂದದ್ದನ್ನು ನಾನು ಹೇಳಿದ್ದು ಬುರುಲಳಿಗೆ ಮಾತ್ರ. ಅವಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಕೊಕ್ಕೆತಕ್ಕಡಿಯನ್ನು ಒರೆಸುತ್ತಿದ್ದೆ.

“ಕಳಿಸ್ತೀಯಾ?” ಎಂದಳು.

“ನಾಳೆ ಕೊನೇ ದಿನ.”

“ನಾನು ಕೇಳಿದ್ದು ಅದಲ್ಲ.” ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, “ಕಳಿಸು. ಇವಳಿಗೋಸ್ಕರ ನೀನು ಕಳ್ಕೊಂಡೆ ಅಂತ ನನಗೆ ಜೀವಮಾನವೆಲ್ಲ ಅನ್ನಿಸ್ತಾ ಇರೋದು ಬೇಡ. ಯಾರಿಗೂ ಗೊತ್ತಾಗಲ್ಲ ಕಣೇ,” ಎಂದಳು.

“ಇವಳಿಗೋಸ್ಕರ ನಾನೇನೂ ಕಳ್ಕೊಂಡಿಲ್ಲ ಜೆಂಗೆ,” ಎಂದೆ. ತೆಜೆಕ್ ನನ್ನ ಕಡೆ ಕೈ ಚಾಚಿದಳು, ಎತ್ತಿಕೊಂಡೆ. ಇಂದು ತೂಗಲಿಲ್ಲ.

ಜೂನ್ ೧೬

ಬೆಳಿಗ್ಗೆ ಬಂಡೆಯ ಬಳಿ ಹೋದೆ. ಅಗಾಯ್ ಅವರ ಮೂರು ಸಂದೇಶಗಳಿದ್ದವು. ಕೊನೆಯದು: ಸಭೆ ಹನ್ನೆರಡಕ್ಕೆ, ಕಾಯುತ್ತಿದ್ದೇನೆ.

ಅವರಿಗೆ ಬರೆದದ್ದನ್ನು ಇಲ್ಲಿಯೂ ಬರೆದಿಡುತ್ತೇನೆ.

ಅಂಕಿಗಳನ್ನು ನಾನು ಕಳುಹಿಸುವುದಿಲ್ಲ.